ವೃಶ್ಚಿಕವಿಷದ ಪೆಪ್ಟೈಡುಗಳು ಮತ್ತು ಔಷಧಿಯ ನಿರೀಕ್ಷೆ: ಒಂದು ವಿಮರ್ಶೆ

ಚೇಳಿನ ವಿಷವನ್ನು ಕುರಿತು ಕಳೆದ ನಾಲ್ಕು ದಶಕಗಳಲ್ಲಿ ಪ್ರಕಟವಾಗಿರುವ ಸಂಶೋಧನ ಲೇಖನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವವನಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಬಹುಪಾಲು ಲೇಖನಗಳ ಮೊದಲ ವಾಕ್ಯವೂ ಕೊನೆಯ ವಾಕ್ಯವೂ ಒಂದೇ: ಈ ವಿಷದಲ್ಲಿ ಮನುಷ್ಯನ ರೋಗಗಳಿಗೆ ಔಷಧಿಗಳು ಅಡಗಿವೆ ಎಂಬುದು. ನಡುವೆ ಬರುವ ಪ್ರಯೋಗಗಳು ಮಾತ್ರ ಬೇರೆ ಬೇರೆ. ಆ ನಡುವಣ ಭಾಗವು ಈ ಎರಡು ವಾಕ್ಯಗಳ ಭಾರವನ್ನು ಎಷ್ಟರಮಟ್ಟಿಗೆ ಹೊರಬಲ್ಲುದೆಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಪ್ರಾಣಿವಿಷಗಳಿಂದ ಔಷಧಿ ಹುಟ್ಟಿರುವುದೇನೋ ಸುಳ್ಳಲ್ಲ. ಬ್ರೆಜಿಲ್ ದೇಶದ ಜರರಾಕ ಎಂಬ ಹಾವಿನ ವಿಷದಲ್ಲಿ ಕಂಡುಬಂದ ಪೆಪ್ಟೈಡುಗಳನ್ನು ಮಾದರಿಯಾಗಿಟ್ಟುಕೊಂಡು ರಚಿಸಿದ ಕ್ಯಾಪ್ಟೊಪ್ರಿಲ್ ೧೯೮೧ರಲ್ಲಿ ರಕ್ತದೊತ್ತಡದ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕಡಲಿನ ಒಂದು ಶಂಖದ ಹುಳುವಿನಿಂದ ಬಂದ ಜಿಕೊನೊಟೈಡ್ ೨೦೦೪ರಲ್ಲಿ ತೀವ್ರವಾದ ನೋವಿಗೂ, ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ದೊರೆತ ಪೆಪ್ಟೈಡಿನಿಂದ ಬಂದ ಎಕ್ಸೆನಟೈಡ್ ೨೦೦೫ರಲ್ಲಿ ಮಧುಮೇಹಕ್ಕೂ ಔಷಧಿಗಳಾದುವು. ಈ ಪಟ್ಟಿಯಲ್ಲಿ ಚೇಳಿಗೆ ಇನ್ನೂ ಸ್ಥಾನವಿಲ್ಲ. ಚೇಳಿನ ವಿಷದಿಂದ ಬೇರ್ಪಡಿಸಿದ ಒಂದು ಪೆಪ್ಟೈಡಾದರೂ ಅದೇ ದೇಶದ ಔಷಧ ನಿಯಂತ್ರಣಾಧಿಕಾರಿಗಳ ಒಪ್ಪಿಗೆ ಪಡೆದು ವೈದ್ಯನ ಕೈಗೆ ಬಂದಿಲ್ಲ. ಸಾಮಗ್ರಿಯ ಕೊರತೆಯೇ ಇದಕ್ಕೆ ಕಾರಣವೆಂದು ಹೇಳುವಂತಿಲ್ಲ. ಸುಮಾರು ೨,೮೦೦ ಜಾತಿಯ ಚೇಳುಗಳು ವಿವರಿಸಲ್ಪಟ್ಟಿವೆ. ಒಂದೊಂದರ ವಿಷದಲ್ಲಿಯೂ ನೂರಾರು ಅಂಶಗಳಿರಬಹುದು. ಇವೆರಡನ್ನೂ ಗುಣಿಸಿ, ಲಕ್ಷಕ್ಕೂ ಮೇಲ್ಪಟ್ಟು ಪೆಪ್ಟೈಡುಗಳು ನಮಗಾಗಿ ಕಾದಿವೆ ಎಂದು ಬರೆಯುವುದು ರೂಢಿಯಾಗಿದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಎಣಿಕೆಯು ಔಷಧಿಯಲ್ಲ.

ಬೇರ್ಪಡಿಸುವ ಕಾರ್ಯವನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಏಕೆಂದರೆ ಈ ವಿಷಯದಲ್ಲಿ ನಿಜವಾದ ಪಾಂಡಿತ್ಯ ಕಾಣುವುದು ಅಲ್ಲಿಯೇ. ಕೊಂಡಿಯ ಬುಡದ ಗ್ರಂಥಿಗೆ ಲಘುವಾದ ವಿದ್ಯುತ್ತನ್ನು ಮುಟ್ಟಿಸಿ ಹನಿಯಾಗಿ ಹೊರಬರುವ ವಿಷವನ್ನು ಸಂಗ್ರಹಿಸುತ್ತಾರೆ. ಒಂದು ಚೇಳಿನಿಂದ ಒಂದು ಸಲಕ್ಕೆ ದೊರೆಯುವುದು ಕಣ್ಣಿಗೆ ಕಾಣುವಷ್ಟೇ. ಅದನ್ನು ಘನೀಕರಿಸಿ ಒಣಗಿಸಿ, ಮತ್ತೆ ನೀರಿನಲ್ಲಿ ಕದಡಿ, ಗಾತ್ರಕ್ಕೆ ತಕ್ಕಂತೆ ಅಣುಗಳನ್ನು ಬೇರೆಮಾಡುವ ಸ್ತಂಭದ ಮೂಲಕ ಹಾಯಿಸಿ, ಬಳಿಕ ವಿದ್ಯುದಂಶಕ್ಕೆ ತಕ್ಕಂತೆ, ಕಡೆಗೆ ಜಲವಿಮುಖತೆಗೆ ತಕ್ಕಂತೆ ವಿಂಗಡಿಸಿ ಒಂದೊಂದು ಶಿಖರವನ್ನೂ ಬೇರೆ ಬೇರೆ ನಳಿಕೆಯಲ್ಲಿ ಹಿಡಿಯಬೇಕು. ೧೯೭೦ರಲ್ಲಿ ಫ್ರಾನ್ಸಿನ ಮಿರಾಂಡ ಮತ್ತು ಅವರ ಸಂಗಡಿಗರು ಉತ್ತರ ಆಫ್ರಿಕದ ಚೇಳುಗಳಿಂದ ಹನ್ನೊಂದು ನರವಿಷಗಳನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಈಗಿನ ಯಂತ್ರಗಳಿಲ್ಲದ ಕಾಲದ ಆ ಕೆಲಸವನ್ನು ಓದಿದರೆ ಇಂದಿನ ನಮಗೆ ಸ್ವಲ್ಪ ನಾಚಿಕೆಯಾದರೂ ಆಶ್ಚರ್ಯವಿಲ್ಲ.

ಹೀಗೆ ದೊರೆತ ಪೆಪ್ಟೈಡುಗಳಲ್ಲಿ ಎರಡು ಮುಖ್ಯ ಪಂಗಡಗಳುಂಟು. ಅರುವತ್ತರಿಂದ ಎಪ್ಪತ್ತರ ಆಚೀಚೆ ಅಮೈನೋ ಆಮ್ಲಗಳುಳ್ಳವು ನರ ಮತ್ತು ಸ್ನಾಯುಗಳ ಪೊರೆಯಲ್ಲಿ ಸೋಡಿಯಂ ಹಾಯುವ ದ್ವಾರಗಳನ್ನು ಕೆಡಿಸುತ್ತವೆ. ಕುಟುಕಿಸಿಕೊಂಡವನನ್ನು ಕಾಡುವುದು ಮುಖ್ಯವಾಗಿ ಇವೇ. ಮೂವತ್ತರಿಂದ ನಲವತ್ತರವರೆಗೆ ಆಮ್ಲಗಳುಳ್ಳ ಚಿಕ್ಕವು ಹೆಚ್ಚಾಗಿ ಪೊಟ್ಯಾಸಿಯಂ ದ್ವಾರದ ಬಾಯಿಗೆ ಬಿರಡೆಯಂತೆ ಕೂರುತ್ತವೆ. ಎರಡರಲ್ಲಿಯೂ ಮೈಕಟ್ಟು ಒಂದೇ ಬಗೆಯದು: ಒಂದು ಸುರುಳಿ, ಅದರ ಮಗ್ಗುಲಲ್ಲಿ ಮಡಿಸಿದ ಎಳೆಗಳು, ಇವನ್ನು ಬಿಗಿಯುವ ಮೂರು ನಾಲ್ಕು ಗಂಧಕದ ಬಂಧಗಳು. ಈ ಬಿಗಿಯಿಂದಾಗಿಯೇ ಇವು ಬೇಗನೆ ಕೆಡುವುದಿಲ್ಲ. ಔಷಧಿಯ ಆಸೆಗೆ ಇದು ಒಳ್ಳೆಯ ಲಕ್ಷಣ. ಆದರೆ ಇದೇ ಬಿಗಿ ತಯಾರಿಕೆಯಲ್ಲಿ ತೊಡಕಾಗುತ್ತದೆ. ಎಂಟು ಸಿಸ್ಟೀನುಗಳುಳ್ಳ ಪೆಪ್ಟೈಡಿನಲ್ಲಿ ಆ ಎಂಟೂ ಜೋಡಿಯಾಗಲು ೧೦೫ ದಾರಿಗಳುಂಟು, ಸರಿಯಾದುದು ಒಂದೇ. ಬ್ಯಾಕ್ಟೀರಿಯದ ಒಳಗೆ ತಯಾರಿಸಿದ ಪೆಪ್ಟೈಡು ತಪ್ಪಾಗಿ ಮಡಿಸಿಕೊಂಡು ಗರಣೆಯಾಗಿ ಕೂರುವ ಕಷ್ಟವನ್ನು ಪ್ರಯೋಗಶಾಲೆಯಲ್ಲಿ ಕೈ ಹಾಕಿದವರೆಲ್ಲ ಬಲ್ಲರು.

ಈಗ ಔಷಧಿಯ ವಿಚಾರ. ಎಲ್ಲ ಪೆಪ್ಟೈಡುಗಳನ್ನೂ ಮೇಲೆ ಮೇಲೆ ಮುಟ್ಟುವುದಕ್ಕಿಂತ, ಅತ್ಯಂತ ದೂರ ಸಾಗಿದ ಒಂದರ ಚರಿತ್ರೆಯನ್ನು ಕೂಲಂಕಷವಾಗಿ ನೋಡುವುದು ಲೇಸು. ಅದು ಕ್ಲೋರೋಟಾಕ್ಸಿನ್. ಉತ್ತರ ಆಫ್ರಿಕದಿಂದ ಪಶ್ಚಿಮ ಏಷ್ಯದವರೆಗಿನ ಒಣನಾಡುಗಳ ಹಳದಿ ಚೇಳಾದ ಲಿಯೂರಸ್ ಕ್ವಿಂಕೆಸ್ಟ್ರಿಯೇಟಸ್‌ನ ವಿಷದಿಂದ ಇದನ್ನು ಬೇರ್ಪಡಿಸಿದ್ದು ೧೯೯೩ರಲ್ಲಿ ಪ್ರಕಟವಾಯಿತು. ೩೬ ಅಮೈನೋ ಆಮ್ಲಗಳು, ನಾಲ್ಕು ಗಂಧಕದ ಬಂಧಗಳು. ಕ್ಲೋರೈಡ್ ಹಾಯುವ ಒಂದು ಬಗೆಯ ದ್ವಾರವನ್ನು ಮುಚ್ಚುತ್ತದೆಂಬ ಕಾರಣದಿಂದ ಈ ಹೆಸರು. ಇಲ್ಲಿ ಓದುಗರು ಒಂದು ಸಣ್ಣ ವಿವರವನ್ನು ಗಮನಿಸಬೇಕು. ಆ ಮೊದಲ ಪ್ರಯೋಗದಲ್ಲಿ ಪೆಪ್ಟೈಡನ್ನು ಹಚ್ಚಿದ್ದು ದ್ವಾರದ ಒಳಮುಖಕ್ಕೆ, ಎಂದರೆ ಜೀವಕೋಶದ ಒಳಗಡೆಗೆ ತಿರುಗಿರುವ ಪಕ್ಕಕ್ಕೆ. ವಿಷವು ದೇಹದಲ್ಲಿ ಬರುವುದು ಹೊರಗಿನಿಂದ.

೧೯೯೦ರ ದಶಕದ ಕೊನೆಯಲ್ಲಿ ಅಲಬಾಮ ವಿಶ್ವವಿದ್ಯಾಲಯದ ಸೊಂಥೈಮರ್ ಮತ್ತು ಅವರ ಸಹೋದ್ಯೋಗಿಗಳು ಈ ಪೆಪ್ಟೈಡು ಗ್ಲಿಯೋಮಾ ಎಂಬ ಮೆದುಳಿನ ಗೆಡ್ಡೆಯ ಜೀವಕೋಶಗಳಿಗೆ ಅಂಟಿಕೊಳ್ಳುವುದೆಂದೂ, ಆರೋಗ್ಯವಾದ ಮೆದುಳಿಗೆ ಹಾಗೆ ಅಂಟುವುದಿಲ್ಲವೆಂದೂ ತೋರಿಸಿದರು. ಇದು ಮಹತ್ತ್ವದ ಶೋಧ, ಅದರಲ್ಲಿ ಅನುಮಾನವಿಲ್ಲ. ಅನುಮಾನವಿರುವುದು ಯಾವುದಕ್ಕೆ ಅಂಟುತ್ತದೆ ಎಂಬುದರಲ್ಲಿ. ಮೊದಲು ಕ್ಲೋರೈಡ್ ದ್ವಾರವೆಂದರು. ೨೦೦೦ದಲ್ಲಿ ಬೇರೊಂದು ತಂಡವು ಮೂರು ಬಗೆಯ ಕ್ಲೋರೈಡ್ ದ್ವಾರಗಳನ್ನು ಪರೀಕ್ಷಿಸಿ, ಕ್ಲೋರೋಟಾಕ್ಸಿನ್ನು ಅವುಗಳಲ್ಲಿ ಒಂದನ್ನೂ ತಡೆಯುವುದಿಲ್ಲವೆಂದು ವರದಿ ಮಾಡಿತು. ೨೦೦೩ರಲ್ಲಿ ಜೀವಕೋಶಗಳ ನಡುವಣ ಅಂಟನ್ನು ಕತ್ತರಿಸುವ ಎಂಎಂಪಿ-೨ ಎಂಬ ಕಿಣ್ವವೇ ಗ್ರಾಹಿಯೆಂದು ಹೇಳಲಾಯಿತು. ೨೦೧೦ರಲ್ಲಿ ಅನೆಕ್ಸಿನ್ ಎ-೨, ೨೦೧೯ರಲ್ಲಿ ನ್ಯೂರೋಪಿಲಿನ್-೧. ೨೦೨೦ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ರೋಗನಿರೋಧಕ ಜೀವಕೋಶಗಳಿಗೆ ಈ ಪೆಪ್ಟೈಡನ್ನು ಮೂತಿಯಂತೆ ಜೋಡಿಸಿ ಗೆಡ್ಡೆಯ ಮೇಲೆ ಬಿಟ್ಟಾಗ, ಗೆಡ್ಡೆಯ ಕೋಶಗಳ ಮೇಲೆ ಎಂಎಂಪಿ-೨ ಇದ್ದಲ್ಲಿ ಮಾತ್ರ ಪರಿಣಾಮವಾಯಿತೆಂದು ಬರೆದರು. ಹೀಗೆ ಹದಿನೇಳು ವರ್ಷಗಳ ಹಿಂದಿನ ಗ್ರಾಹಿ ಮತ್ತೆ ಬಾಗಿಲಿಗೆ ಬಂದು ನಿಂತಿತು.

ಒಂದು ಪೆಪ್ಟೈಡು ನಾಲ್ಕಾರು ಕಡೆ ಅಂಟಬಾರದೆಂದೇನೂ ನಿಯಮವಿಲ್ಲ. ಈ ತಂಡಗಳಲ್ಲಿ ಯಾರೂ ತಪ್ಪಾಗಿ ಅಳೆದರೆಂದು ಹೇಳುವುದೂ ನಮ್ಮ ಅಭಿಪ್ರಾಯವಲ್ಲ. ನಮ್ಮ ಆಕ್ಷೇಪಣೆ ಬೇರೆ. ಹೊಸ ಗ್ರಾಹಿಯನ್ನು ಹೇಳಿದ ಲೇಖನವು ಹಳೆಯದಕ್ಕೆ ಏನಾಯಿತೆಂದು ಕೇಳದೆ ಮುಂದೆ ಸಾಗಿತು. ಅವನ್ನೆಲ್ಲ ಒಟ್ಟುಗೂಡಿಸುವ ಸಮೀಕ್ಷೆಗಳಲ್ಲಿ ಹಲವು ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿ, 'ಬಹುಮುಖ ಪ್ರಭಾವ' ಎಂಬ ಗೌರವದ ಹೆಸರಿಟ್ಟುವು. ಗ್ರಾಹಿ ಯಾವುದೆಂದು ತಿಳಿಯದಿದ್ದರೆ ಯಾವ ರೋಗಿಗೆ ಔಷಧಿ ತಾಗುತ್ತದೆ, ಯಾರಿಗೆ ತಾಗುವುದಿಲ್ಲ ಎಂದು ಮೊದಲೇ ಹೇಳಲಾಗುವುದಿಲ್ಲ. ಪ್ರಮಾಣವನ್ನು ನಿರ್ಧರಿಸುವುದೂ ಕಷ್ಟ. ಮೆದುಳಿನ ಗೆಡ್ಡೆಯುಳ್ಳ ಮನುಷ್ಯನಿಗೆ ಉಳಿದಿರುವ ಕಾಲವು ಬಹು ಸ್ವಲ್ಪ. ಆತನ ಮೇಲೆ ನಡೆಸುವ ಪ್ರಯೋಗಕ್ಕೆ ಈ ಪ್ರಶ್ನೆಯು ತರ್ಕದ ಹಟವಲ್ಲ.

ಕ್ಲೋರೋಟಾಕ್ಸಿನ್ನನ್ನು ಮನುಷ್ಯರಿಗೆ ಕೊಟ್ಟದ್ದೂ ಉಂಟು. ಅದಕ್ಕೆ ವಿಕಿರಣಶೀಲ ಅಯೋಡಿನ್ ಜೋಡಿಸಿ, ಶಸ್ತ್ರಚಿಕಿತ್ಸೆಯಿಂದ ಗೆಡ್ಡೆಯನ್ನು ತೆಗೆದಮೇಲೆ ಉಳಿಯುವ ಕುಳಿಗೆ ಒಂದು ಸಲ ಹಾಕಿದ ಪ್ರಥಮ ಹಂತದ ಪ್ರಯೋಗ ೨೦೦೬ರಲ್ಲಿ ಪ್ರಕಟವಾಯಿತು. ರೋಗಿಗಳು ೧೮ ಮಂದಿ. ಔಷಧಿಯನ್ನು ಅವರು ಸಹಿಸಿಕೊಂಡರೆಂಬುದು ಅದರ ಫಲಿತಾಂಶ. ಪ್ರಥಮ ಹಂತದ ಪ್ರಯೋಗವು ಕೇಳುವ ಪ್ರಶ್ನೆಯೇ ಅದು. ಗುಣವಾಗುವುದೇ ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಹಾಗಿದ್ದರೂ ಮುಂದಿನ ವರ್ಷಗಳಲ್ಲಿ ಈ ಪ್ರಯೋಗವನ್ನು ಚೇಳಿನ ವಿಷ ಕ್ಯಾನ್ಸರನ್ನು ಗೆದ್ದ ಕಥೆಯಾಗಿ ಪತ್ರಿಕೆಗಳಲ್ಲಿ ಓದಬೇಕಾಯಿತು.

ಎರಡನೆಯ ದಾರಿ ಹೆಚ್ಚು ವಿನಯದ್ದು. ಆದುದರಿಂದಲೇ ಹೆಚ್ಚು ಭರವಸೆಯದ್ದು. ಸಿಯಾಟಲ್ ನಗರದ ಓಲ್ಸನ್ ಅವರ ತಂಡವು ೨೦೦೭ರಲ್ಲಿ ಈ ಪೆಪ್ಟೈಡಿಗೆ ಹೊಳೆಯುವ ವರ್ಣದ್ರವ್ಯವನ್ನು ಅಂಟಿಸಿ, ಇಲಿಗಳಲ್ಲಿ ಗೆಡ್ಡೆಯ ಅಂಚು ಬೆಳಗುವಂತೆ ಮಾಡಿತು. ಕೊಲ್ಲುವ ಮಾತಿಲ್ಲ; ಶಸ್ತ್ರವೈದ್ಯನಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸುವುದಷ್ಟೆ. ಇದರ ಪರಿಷ್ಕೃತ ರೂಪವಾದ ಟೋಜುಲೆರಿಸ್ಟೈಡ್ ಅವಕೆಂಪು ಬೆಳಕಿನಲ್ಲಿ ಕಾಣುವಂಥದು; ವಯಸ್ಕರ ಗ್ಲಿಯೋಮಾದಲ್ಲಿ ಅದರ ಪ್ರಥಮ ಹಂತದ ವರದಿ ೨೦೧೯ರಲ್ಲಿ ಬಂತು, ಮಕ್ಕಳ ಮೆದುಳಿನ ಗೆಡ್ಡೆಗಳಲ್ಲಿ ಮುಂದಿನ ಹಂತಗಳ ಪ್ರಯೋಗವೂ ನಡೆಯಿತು. ಆದರೆ ಇದೇ ಕೆಲಸಕ್ಕೆ ಅಮೈನೋಲೆವುಲಿನಿಕ್ ಆಮ್ಲವೆಂಬ ಸಾಮಾನ್ಯವಾದ ಸಣ್ಣ ರಾಸಾಯನಿಕವು ೨೦೧೭ರಲ್ಲಿಯೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ನೀರಿನಲ್ಲಿ ಕದಡಿ ಕುಡಿಸಿದರೆ ಸಾಕು, ತೀವ್ರ ಜಾತಿಯ ಗೆಡ್ಡೆ ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುತ್ತದೆ. ಚೇಳಿನ ಪೆಪ್ಟೈಡು ಇದಕ್ಕಿಂತ ಮೇಲೆಂದು ತೋರಿಸಬೇಕಾಗಿದೆ. ಏನೂ ಇಲ್ಲದಿರುವುದಕ್ಕಿಂತ ಮೇಲೆಂದು ತೋರಿಸಿದರೆ ಸಾಲದು. ಲೇಖನಗಳಲ್ಲಿ ಈ ಹೋಲಿಕೆ ಅಪರೂಪ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ವಿಷದ ಬೆಲೆಯ ಮಾತನ್ನು ಎತ್ತಬೇಕಾಗಿದೆ. ಒಂದು ಗ್ಯಾಲನ್ ಚೇಳಿನ ವಿಷಕ್ಕೆ ೩ ಕೋಟಿ ೯೦ ಲಕ್ಷ ಡಾಲರು ಎಂಬ ಸಂಖ್ಯೆಯು ಪತ್ರಿಕೆಯಿಂದ ಪತ್ರಿಕೆಗೆ ಹಾರುತ್ತ ಬಂದಿದೆ. ಗ್ಯಾಲನ್ನುಗಟ್ಟಲೆ ವಿಷವನ್ನು ಕೊಳ್ಳುವವನೂ ಇಲ್ಲ, ಮಾರುವವನೂ ಇಲ್ಲ; ಪ್ರಯೋಗಶಾಲೆಗಳು ಕೊಳ್ಳುವ ಮಿಲಿಗ್ರಾಮುಗಳ ದರವನ್ನು ಗುಣಿಸಿ ಹುಟ್ಟಿಸಿದ ಸಂಖ್ಯೆಯಿದು. ಅಲ್ಲದೆ ಕ್ಲೋರೋಟಾಕ್ಸಿನ್ ಈಗ ಚೇಳಿನಿಂದ ಬರಬೇಕಾಗಿಯೇ ಇಲ್ಲ; ರಾಸಾಯನಿಕವಾಗಿ ಕಟ್ಟುತ್ತಾರೆ. ಬೆಲೆಯ ಕಥೆಯನ್ನು ನಂಬಿ ಚೇಳು ಸಾಕಲು ಹೊರಟ ಬಡಪಾಯಿಗೆ, ಚೇಳಿಗೆ ಪಾರುಪತ್ಯ ಕೊಟ್ಟವನಿಗೆ ಆದುದೇ ಆಗುತ್ತದೆ.

ಇದಕ್ಕಿಂತ ಹೆಚ್ಚು ನೋವಿನ ಸಂಗತಿ ಕ್ಯೂಬ ದೇಶದ್ದು. ಅಲ್ಲಿಯ ರೊಪಾಲುರಸ್ ಜಂಸಿಯಸ್ ಎಂಬ ನೀಲಿ ಚೇಳಿನ ವಿಷದಿಂದ ಮಾಡಿದ ವಿಡಟಾಕ್ಸ್ ಎಂಬ ಹೋಮಿಯೋಪತಿ ದ್ರವವು ೨೦೧೦ರ ದಶಕದ ಆರಂಭದಿಂದ ಕ್ಯಾನ್ಸರ್ ರೋಗಿಗಳಿಗೆ ಮಾರಾಟವಾಯಿತು. ಅದನ್ನು ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳುಮಾಡಿರುತ್ತಾರೆ. ಹಾಗೆ ತೆಳುಮಾಡಿದ ಸೀಸೆಯಲ್ಲಿ ವಿಷದ ಒಂದು ಅಣುವಾದರೂ ಉಳಿದಿರುವ ಸಂಭವವಿಲ್ಲವೆಂಬುದು ರಸಾಯನಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ. ಆದರೂ ಅದರ ಪರವಾಗಿ ಆಡುವವರು ಉದಾಹರಿಸುವುದು ಕ್ಲೋರೋಟಾಕ್ಸಿನ್ನಿನ ಸಂಶೋಧನೆಯನ್ನು, ಬೇರೊಂದು ಖಂಡದ ಬೇರೊಂದು ಚೇಳಿನ ಪೆಪ್ಟೈಡನ್ನು. ನಮ್ಮ ಲೇಖನಗಳ ಕೊನೆಯ ವಾಕ್ಯವು ಎಲ್ಲಿಯವರೆಗೆ ನಡೆದುಹೋಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪೆಪ್ಟೈಡುಗಳ ವಿಚಾರವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ೨೦೦೦ದಲ್ಲಿ ಮೆಕ್ಸಿಕೋ ದೇಶದ ಚೇಳಿನಿಂದ ದೊರೆತ ಹಡ್ರೂರಿನ್ ಬ್ಯಾಕ್ಟೀರಿಯಗಳ ಪೊರೆಯನ್ನು ಒಡೆಯುತ್ತದೆ. ಮನುಷ್ಯನ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಈ ವರ್ಗದ ಹಲವು ಪೆಪ್ಟೈಡುಗಳ ತೊಡಕು ಇದೇ. ಕುತೂಹಲದ ಮಾತೆಂದರೆ, ಅದೇ ದೇಶದ ಡಿಪ್ಲೊಸೆಂಟ್ರಸ್ ಮೆಲಿಸಿ ಎಂಬ ಚೇಳಿನ ವಿಷದಲ್ಲಿ ಪೊಸ್ಸಾನಿ ಮತ್ತು ಜೇರ್ ಅವರ ತಂಡಗಳು ೨೦೧೯ರಲ್ಲಿ ಕಂಡ, ಕ್ಷಯದ ಬ್ಯಾಕ್ಟೀರಿಯವನ್ನೂ ಕೊಲ್ಲಬಲ್ಲ ವಸ್ತು ಪೆಪ್ಟೈಡೇ ಅಲ್ಲ, ಬೆಂಜೋಕ್ವಿನೋನ್ ಜಾತಿಯ ಸಣ್ಣ ಅಣು. ಪೆಪ್ಟೈಡನ್ನೇ ಹುಡುಕಲು ಹೊರಟವರು ಅದನ್ನು ತೊಳೆದು ಚೆಲ್ಲಿಬಿಡುತ್ತಿದ್ದರೋ ಏನೋ.

ಹಾಗಾದರೆ ಚೇಳಿನ ಪೆಪ್ಟೈಡುಗಳಿಂದ ಆದ ಪ್ರಯೋಜನವೇನು? ಬಹಳವಿದೆ, ಆದರೆ ಅದು ಔಷಧಾಲಯದಲ್ಲಿ ಇಲ್ಲ. ೧೯೮೨ರಲ್ಲಿ ಪೊಸ್ಸಾನಿ ಮತ್ತು ಸಂಗಡಿಗರು ವರ್ಣಿಸಿದ ನಾಕ್ಸಿಯಸ್‌ಟಾಕ್ಸಿನ್ ಪೊಟ್ಯಾಸಿಯಂ ದ್ವಾರವನ್ನು ಮುಚ್ಚುವ ಪೆಪ್ಟೈಡುಗಳಲ್ಲಿ ಮೊದಲನೆಯದು. ೧೯೮೫ರಲ್ಲಿ ಮಿಲ್ಲರ್ ಮತ್ತು ಸಂಗಡಿಗರು ಗ್ರೀಕ್ ಪುರಾಣದ ಸುಳಿಯ ಹೆಸರಿಟ್ಟ ಕ್ಯಾರಿಬ್ಡೊಟಾಕ್ಸಿನ್ನನ್ನು ಪ್ರಕಟಿಸಿದರು. ಪೊಟ್ಯಾಸಿಯಂ ದ್ವಾರವು ನಾಲ್ಕು ಉಪಘಟಕಗಳಿಂದ ಕೂಡಿದೆಯೆಂದು ಮ್ಯಾಕಿನನ್ ೧೯೯೧ರಲ್ಲಿ ತೋರಿಸಿದ್ದು ಈ ಪೆಪ್ಟೈಡನ್ನೇ ಅಳತೆಗೋಲಾಗಿ ಹಿಡಿದು. ದ್ವಾರದ ಆಕಾರವೇ ಕಾಣದಿದ್ದ ಕಾಲದಲ್ಲಿ, ಆಕಾರ ತಿಳಿದಿದ್ದ ಬಿರಡೆಯನ್ನು ಒತ್ತಿ ಬಾಯಿಯ ಅಚ್ಚನ್ನು ತೆಗೆದಂತೆ ಅದು. ಅಯಾನು ದ್ವಾರಗಳ ರಚನೆಯ ಅಧ್ಯಯನಕ್ಕಾಗಿ ಮ್ಯಾಕಿನನ್ ಅವರಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈ ಫಲವನ್ನು ಫಲವೆಂದು ಒಪ್ಪಿಕೊಳ್ಳಲು ನಮಗೇಕೆ ಸಂಕೋಚವೋ ತಿಳಿಯದು. ಧನಸಹಾಯದ ಅರ್ಜಿಯಲ್ಲಿ 'ಜ್ಞಾನ' ಎಂಬ ಕಾಲಂ ಇಲ್ಲದಿರುವುದೂ ಒಂದು ಕಾರಣವಿರಬಹುದು.

ನಮ್ಮ ನೆಲದ ಕೆಂಪು ಚೇಳಿನ ವಿಚಾರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮಹಾರಾಷ್ಟ್ರ, ಆಂಧ್ರ, ಉತ್ತರ ಕರ್ನಾಟಕಗಳ ಕಲ್ಲುಸಂದುಗಳಲ್ಲಿಯೂ ಮಣ್ಣಿನ ಗೋಡೆಗಳಲ್ಲಿಯೂ ಇರುವ ಇದರ ವಿಷದಿಂದ ೧೯೯೦ರಲ್ಲಿ ಅಮೆರಿಕದ ಮರ್ಕ್ ಸಂಸ್ಥೆಯ ಸಂಶೋಧಕರು ಇಬೀರಿಯೋಟಾಕ್ಸಿನ್ನನ್ನು ಬೇರ್ಪಡಿಸಿದರು. ೩೭ ಅಮೈನೋ ಆಮ್ಲಗಳ ಈ ಪೆಪ್ಟೈಡು ಕ್ಯಾಲ್ಸಿಯಮ್ಮಿಗೆ ಓಗೊಡುವ ದೊಡ್ಡ ಪೊಟ್ಯಾಸಿಯಂ ದ್ವಾರವೊಂದನ್ನು ಮಾತ್ರ ಮುಚ್ಚುತ್ತದೆ. ರಕ್ತನಾಳದ ಸ್ನಾಯು ಹೇಗೆ ಸಡಿಲಗೊಳ್ಳುತ್ತದೆಂದು ಅಭ್ಯಾಸಮಾಡುವವರಿಗೆ ಇದು ಅನಿವಾರ್ಯವಾದ ಉಪಕರಣ. ಅದೇ ದ್ವಾರವು ದೇಹದ ಹಲವು ಕಡೆ ಇರುವುದರಿಂದ ಔಷಧಿಯಾಗುವ ಸಂಭವ ಕಡಮೆ. ೨೦೦೨ರಲ್ಲಿ ಇದೇ ಚೇಳಿನಿಂದ ಟಾಮಾಪಿನ್ ಎಂಬ ಮತ್ತೊಂದು ಬಂತು, ಅದೂ ಉಪಕರಣವೇ.

ಆದರೆ ಈ ಪೆಪ್ಟೈಡುಗಳು ಜಗತ್ತಿನ ಪ್ರಯೋಗಶಾಲೆಗಳಿಗೆ ಹರಡುತ್ತಿದ್ದ ಕಾಲದಲ್ಲಿಯೇ ಇದೇ ಚೇಳು ಕುಟುಕಿದ ಮಕ್ಕಳು, ಶ್ವಾಸಕೋಶದಲ್ಲಿ ನೀರು ತುಂಬಿ, ಹೃದಯ ಸೋತು ಸಾಯುತ್ತಿದ್ದರು. ಅವರನ್ನು ಉಳಿಸುವ ದಾರಿ ವಿಷದ ಯಾವ ಪೆಪ್ಟೈಡಿನಿಂದಲೂ ಬರಲಿಲ್ಲ. ರಾಯಗಡ ಜಿಲ್ಲೆಯ ಮಹಾಡ ಎಂಬ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರರು, ರಕ್ತದೊತ್ತಡಕ್ಕೆಂದು ಮೊದಲೇ ಇದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು ೧೯೮೦ರ ದಶಕದಲ್ಲಿ ಕೊಡಲಾರಂಭಿಸಿದರು. ವಿಷವು ನರಗಳನ್ನು ಕೆರಳಿಸಿ ರಕ್ತನಾಳಗಳನ್ನು ಹಿಂಡುತ್ತದೆ. ಮಾತ್ರೆಯು ಆ ಹಿಡಿತವನ್ನು ಬಿಡಿಸುತ್ತದೆ. ೨೦೧೧ರಲ್ಲಿ ಅವರು ೭೦ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರಜೋಸಿನ್ನನ್ನೂ ಇನ್ನೊಂದಕ್ಕೆ ಅದರೊಂದಿಗೆ ಪ್ರತಿವಿಷವನ್ನೂ ಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ಎರಡನ್ನೂ ಪಡೆದ ೩೫ ಜನರಲ್ಲಿ ೩೨ ಮಂದಿ ಹತ್ತು ಗಂಟೆಗಳೊಳಗೆ ಚೇತರಿಸಿಕೊಂಡರು. ಮಾತ್ರೆಯೊಂದನ್ನೇ ಪಡೆದವರಲ್ಲಿ ೮ ಮಂದಿ. ಯಾರಿಗೆ ಏನು ಕೊಟ್ಟಿದೆಯೆಂದು ವೈದ್ಯರಿಗೆ ತಿಳಿದಿತ್ತೆಂಬುದು ಈ ಪ್ರಯೋಗದ ಮಿತಿ. ಆದರೂ ಸ್ಪಷ್ಟವಾದ ಪ್ರಶ್ನೆ, ಎಣಿಸಬಹುದಾದ ಉತ್ತರ, ಹೋಲಿಕೆಗೆ ಎರಡನೆಯ ಗುಂಪು, ಈ ಮೂರೂ ಒಂದು ಸಣ್ಣ ಊರಿನ ಆಸ್ಪತ್ರೆಯಿಂದ ಬಂದುವು. ಮೇಲೆ ಚರ್ಚಿಸಿದ ದೊಡ್ಡ ಸಂಸ್ಥೆಗಳ ಲೇಖನಗಳಲ್ಲಿ ಇವು ಎಷ್ಟು ಸಲ ಒಟ್ಟಿಗೆ ಸಿಕ್ಕುತ್ತವೆ?

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳಿಗೂ ಇದನ್ನು ಅನ್ವಯಿಸಿ ನೋಡಬೇಕು. ಕಚ್ಚಾ ವಿಷವನ್ನೋ, ಅದರ ಅರ್ಧ ಶುದ್ಧವಾದ ಒಂದು ಅಂಶವನ್ನೋ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಕೋಶಗಳು ಸತ್ತುವೆಂದು ಬರೆದು, ಔಷಧಿಯ ಭರವಸೆಯೊಡನೆ ಮುಗಿಸುವ ಪ್ರಬಂಧಗಳು ಪರೀಕ್ಷಕನ ಮೇಜಿಗೆ ಬರುತ್ತಲೇ ಇವೆ. ವಿಷವು ಕೋಶವನ್ನು ಕೊಂದರೆ ಅದು ಸುದ್ದಿಯಲ್ಲ. ಅದೇ ಪ್ರಮಾಣದಲ್ಲಿ ಆರೋಗ್ಯವಾದ ಕೋಶ ಉಳಿಯಿತೇ, ಕೊಂದ ಪೆಪ್ಟೈಡಿನ ಅಮೈನೋ ಆಮ್ಲಗಳ ಕ್ರಮವೇನು, ಅದನ್ನೇ ಕೃತಕವಾಗಿ ಕಟ್ಟಿ ಹಾಕಿದರೆ ಅದೇ ಪರಿಣಾಮವಾಯಿತೇ ಎಂಬುವಕ್ಕೆ ಉತ್ತರವಿದ್ದರೆ ಸುದ್ದಿ. ಈ ಲೇಖಕನೂ ವಿದ್ಯಾರ್ಥಿದೆಸೆಯಲ್ಲಿ ಅಂಥದೇ ಕೊನೆಯ ವಾಕ್ಯವನ್ನು ಬರೆದವನಾದ್ದರಿಂದ ಆಕ್ಷೇಪಣೆಯಲ್ಲಿ ತನಗೂ ಪಾಲಿದೆಯೆಂದು ಒಪ್ಪಿಕೊಳ್ಳುತ್ತಾನೆ.

ಇನ್ನೊಂದು ಲೋಪವನ್ನು ಸುಲಭವಾಗಿ ಸರಿಪಡಿಸಬಹುದು. ಕೊಂಕಣ ಕರಾವಳಿಯ ಕೆಂಪು ಚೇಳಿನ ವಿಷಕ್ಕೂ ದಖನ್ ಪ್ರಸ್ಥಭೂಮಿಯ ಕೆಂಪು ಚೇಳಿನ ವಿಷಕ್ಕೂ ಪೆಪ್ಟೈಡುಗಳಲ್ಲಿ ವ್ಯತ್ಯಾಸವಿದೆಯೆಂದು ೨೦೦೭ರಲ್ಲಿ ಅಣುತೂಕದ ಅಳತೆಗಳಿಂದ ತೋರಿಸಲಾಗಿದೆ. ಚೇಳು ಒಂದೇ, ನೆಲ ಬೇರೆ, ವಿಷ ಬೇರೆ. ಆದುದರಿಂದ ಸೀಸೆಯ ಮೇಲೆ ಜಾತಿಯ ಹೆಸರಿನೊಡನೆ ಹಿಡಿದ ತಾಲ್ಲೂಕು ಮತ್ತು ತಿಂಗಳನ್ನು ಬರೆಯದಿದ್ದರೆ ಮತ್ತೊಬ್ಬರು ಆ ಪ್ರಯೋಗವನ್ನು ಪುನಃ ಮಾಡಿ ನೋಡುವುದು ಸಾಧ್ಯವಾಗುವುದಿಲ್ಲ. ಜಾತಿಯ ಹೆಸರಿನಲ್ಲಿಯೂ ಎಚ್ಚರ ಬೇಕು. ಇಬೀರಿಯೋಟಾಕ್ಸಿನ್ನಿನ ಮೊದಲ ಲೇಖನ ಬ್ಯೂಥಸ್ ಟಾಮುಲಸ್ ಎಂಬ ಹೆಸರಿನಲ್ಲಿದೆ. ಟಾಮಾಪಿನ್ನಿನದೂ ಬಾವಸ್ಕರರದೂ ಮೆಸೊಬ್ಯೂಥಸ್ ಟಾಮುಲಸ್ ಎಂದಿವೆ. ಈಗಿನ ವರ್ಗೀಕರಣದಲ್ಲಿ ಇದು ಹೊಟೆಂಟೊಟ್ಟ ಟಾಮುಲಸ್. ಹಳೆಯ ಲೇಖನಗಳನ್ನು ಹುಡುಕುವ ವಿದ್ಯಾರ್ಥಿಯು ಮೂರು ಹೆಸರುಗಳನ್ನೂ ಬರೆದಿಟ್ಟುಕೊಂಡಿರಬೇಕು.